ಕೋಡ್ ಎಲ್ಲರದ್ದು, ಹೆಸರು ಯಾರದ್ದು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಎಂಟು ಹತ್ತು ವರ್ಷ ಹಳೆಯ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಅದರ ಷರತ್ತಿಗೆ ಹೊಂದುವುದಿಲ್ಲ. ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಹೊಸದಿರಬೇಕು. ಕೊಡಗಿನಲ್ಲಿ ಇಂಥ ಹಳೆಯ ಕಂಪ್ಯೂಟರ್ ಜಾಸ್ತಿ. ಶಾಲೆಗಳ ಕಂಪ್ಯೂಟರ್ ಕೋಣೆಯಲ್ಲಿವೆ, ಕಾಫಿ ತೋಟದ ರೈಟರ ಮೇಜಿನ ಮೇಲಿವೆ, ಹೋಂಸ್ಟೇಗಳಲ್ಲಿ ಬುಕಿಂಗ್ ಬರೆದಿಡಲು ಇವೆ. ಇನ್ನೂ ಚೆನ್ನಾಗಿ ಓಡುತ್ತಿರುವುದನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಹಾಗಾಗಿ ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಕಡೆ ವಿಷಯ ಗೊತ್ತಿರುವ ಹುಡುಗ ಹುಡುಗಿಯರು ಇವಕ್ಕೆ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡುತ್ತಿದ್ದಾರೆ.

ಹಾಕಿಸಿಕೊಂಡವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ. "ಉಬುಂಟು ಹಾಕು ಅಂದಿದ್ದೆ, ಇಲ್ಲಿ ಝುಬುಂಟು ಅಂತ ಬರ್ತಿದೆಯಲ್ಲ, ಇದು ಅಸಲಿನಾ?" ಉಬುಂಟು, ಕುಬುಂಟು, ಲುಬುಂಟು, ಉಬುಂಟು ಮಾಟೆ, ಮಿಂಟ್, ಝೋರಿನ್ ಅಂತ ಲಿನಕ್ಸಿನ ರೂಪಗಳ ಹೆಸರಿನ ಸಾಲೇ ಇದೆ. ಎಲ್ಲದರ ಒಳಗೆ ಇರುವುದು ಹೆಚ್ಚುಕಡಿಮೆ ಒಂದೇ ಸರಕು. ಕೆಲವಕ್ಕೆ ಉಬುಂಟು ಅನ್ನುವ ಹೆಸರು ಸಿಕ್ಕಿದೆ, ಕೆಲವಕ್ಕೆ ಇಲ್ಲ. ಯಾಕೆ ಹೀಗೆ? ಹೆಸರು ಕೊಡುವವರು ಯಾರು? ಕೊಟ್ಟರೆ ನಮಗೇನು ಸಿಗುತ್ತದೆ? ಶಾಲೆಯ ಇಪ್ಪತ್ತು ಕಂಪ್ಯೂಟರಿಗೆ ಒಂದು ಸಾಫ್ಟ್‌ವೇರ್ ಆರಿಸುವವರಿಗೆ ಇದು ಸಣ್ಣ ವಿಷಯವಲ್ಲ.

ಲಿನಕ್ಸಿನಂಥ ಓಪನ್ ಸೋರ್ಸ್ ಸಾಫ್ಟ್‌ವೇರಿನಲ್ಲಿ, ಅಂದರೆ ಒಳಗಿನ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರಿನಲ್ಲಿ, ಎರಡು ಹಕ್ಕುಗಳಿವೆ. ಕೋಡಿನದು ಒಂದು, ಹೆಸರಿನದು ಇನ್ನೊಂದು. ಕೋಡಿಗೆ ಕಾಪಿರೈಟ್ ಕಾನೂನು ಅನ್ವಯಿಸುತ್ತದೆ. ಜಿಪಿಎಲ್ ಥರದ ಲೈಸೆನ್ಸ್ (ಬಳಕೆಯ ಅನುಮತಿ ಪತ್ರ) ಆ ಕಾನೂನಿನ ಮೇಲೆಯೇ ನಿಂತು ತಗೋ, ಓದು, ತಿದ್ದು, ಹಂಚು ಅನ್ನುತ್ತದೆ. ಹೆಸರಿಗೂ ಲೋಗೋಗೂ ಟ್ರೇಡ್‌ಮಾರ್ಕ್ ಕಾನೂನು. ನಮ್ಮ ದೇಶದಲ್ಲಿ ಅದು 1999ರ ಕಾಯ್ದೆ. ಒಮ್ಮೆ ನೋಂದಾಯಿಸಿದರೆ 10 ವರ್ಷ, ಆಮೇಲೆ ನವೀಕರಿಸುತ್ತಾ ಹೋಗಬಹುದು. ಕೋಡ್ ಸಿಕ್ಕಿತು ಅಂತ ಹೆಸರೂ ಸಿಗುವುದಿಲ್ಲ. 2004ರ ಅಪಾಚೆ ಲೈಸೆನ್ಸ್ 2.0 ತನ್ನ ಆರನೇ ಕಲಮಿನಲ್ಲಿ ಇದನ್ನು ನೇರವಾಗಿಯೇ ಹೇಳುತ್ತದೆ. 2007ರ ಜಿಪಿಎಲ್ 3 ಕೂಡ, ಟ್ರೇಡ್‌ಮಾರ್ಕ್ ಹಕ್ಕು ಕೊಡುತ್ತಿಲ್ಲ ಎಂದು ಬರೆಯಲು ಅವಕಾಶ ಇಟ್ಟಿದೆ.

ಲಿನಕ್ಸ್ ಅನ್ನುವ ಹೆಸರೇ ಒಮ್ಮೆ ಕೈತಪ್ಪಿತ್ತು. ಈ ಯೋಜನೆಗೆ ಸಂಬಂಧವೇ ಇಲ್ಲದ ಒಬ್ಬರು 1990ರ ದಶಕದಲ್ಲಿ ಅಮೆರಿಕದಲ್ಲಿ ಅದನ್ನು ತಮ್ಮ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿಕೊಂಡರು. ಆಮೇಲೆ ಲಿನಕ್ಸ್ ಮಾರುವ ಕಂಪನಿಗಳಿಗೆ ಪತ್ರ ಬರೆದು ಪಾಲು ಕೇಳಿದರು. ವ್ಯಾಜ್ಯ ನಡೆದು, 1997ರಲ್ಲಿ ಹೆಸರು ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಕೈಗೆ ಬಂತು. ಕೋಡ್ ಬರೆದವರು ಸಾವಿರಾರು ಜನ. ಹೆಸರನ್ನು ಯಾರೂ ಕಾಯದಿದ್ದಾಗ ಅದು ಬೇರೆಯವರ ಪಾಲಾಗಲು ಒಂದು ಅರ್ಜಿ ಸಾಕಾಯಿತು.

ಕೊಡಗಿನವರಿಗೆ ಇಂಥ ವ್ಯವಸ್ಥೆ ಹೊಸದೇನೂ ಅಲ್ಲ. 2019ರಲ್ಲಿ ಕೂರ್ಗ್ ಅರೇಬಿಕಾ ಕಾಫಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅರೇಬಿಕಾ ಗಿಡವನ್ನು ಯಾರು ಎಲ್ಲಿ ಬೇಕಾದರೂ ನೆಡಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಚೀಲದ ಮೇಲೆ ಕೂರ್ಗ್ ಅರೇಬಿಕಾ ಅಂತ ಬರೆಯಬೇಕಾದರೆ ಕಾಫಿ ಇಲ್ಲಿಯದೇ ಆಗಿರಬೇಕು. ಕೊಳ್ಳುವವರು ಮೋಸ ಹೋಗಬಾರದು ಅನ್ನುವುದೇ ಜಿಐ, ಟ್ರೇಡ್‌ಮಾರ್ಕ್ ಎರಡೂ ಕಾನೂನಿನ ಉದ್ದೇಶ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಜಿಐ ಇಡೀ ಪ್ರದೇಶದ ಬೆಳೆಗಾರರಿಗೆ ಸೇರಿದ್ದು. ಟ್ರೇಡ್‌ಮಾರ್ಕಿಗೆ ಒಬ್ಬ ಒಡೆಯ ಇರುತ್ತಾನೆ, ಅವನು ವ್ಯಕ್ತಿಯೋ, ಕಂಪನಿಯೋ, ಸಂಘವೋ ಆಗಿರಬಹುದು. ಸಮುದಾಯದ ಎಷ್ಟೋ ಯೋಜನೆಗಳ ಹಣೆಬರಹ ಬರೆದದ್ದು ಆ ಒಡೆಯ ಯಾರು ಅನ್ನುವ ಸಂಗತಿಯೇ.

ಮೊದಲು ಉಬುಂಟು ವಿಷಯಕ್ಕೆ ಬರೋಣ, ಏಕೆಂದರೆ ನಮ್ಮ ಕಡೆ ಜನ ಹೆಚ್ಚು ಕೇಳಿರುವ ಹೆಸರು ಅದು. ಉಬುಂಟುವಿನ ಮೊದಲ ಆವೃತ್ತಿ 2004ರ ಅಕ್ಟೋಬರಿನಲ್ಲಿ ಬಂತು. ಹೆಸರಿನ ಒಡೆತನ ಕ್ಯಾನೊನಿಕಲ್ ಕಂಪನಿಯದು. ಅದೇ ತಳಹದಿಯ ಮೇಲೆ ಬೇರೆ ಡೆಸ್ಕ್‌ಟಾಪ್ (ತೆರೆಯ ಮೇಲೆ ಕಾಣುವ ಮೆನು, ಕಿಟಕಿಗಳ ವ್ಯವಸ್ಥೆ) ಕೂರಿಸಿದ ರೂಪಗಳಿಗೆ ಅಲ್ಲಿ ಫ್ಲೇವರ್ ಅನ್ನುತ್ತಾರೆ. 2005ರಲ್ಲಿ ಕುಬುಂಟು ಬಂತು, 2006ರಲ್ಲಿ ಝುಬುಂಟು. ಹಳೆಯ ಕಂಪ್ಯೂಟರಿಗೆ ಅಂತಲೇ ಮಾಡಿದ ಲುಬುಂಟು ಕೆಲವು ಕಾಲ ಹೊರಗೇ ಇದ್ದು, 2011ರ ಅಕ್ಟೋಬರಿನಲ್ಲಿ ಅಧಿಕೃತವಾಯಿತು. ಅಂದರೆ ಮೊದಲು ಹೇಳಿದ ಪ್ರಶ್ನೆಯಲ್ಲಿನ ಝುಬುಂಟು ಅಸಲಿಯೇ. ಅದು ಅಧಿಕೃತ ಫ್ಲೇವರ್.

ಅಧಿಕೃತ ಆಗುವ ದಾರಿಯಲ್ಲಿ ಹೆಸರೇ ಮೆಟ್ಟಿಲು. ಹೊರಗಿನವರು ಮಾಡಿದ ಪ್ರಯೋಗ ಮೊದಲು ರೀಮಿಕ್ಸ್ ಅನ್ನುವ ಬಾಲದೊಂದಿಗೆ ಶುರುವಾಗುತ್ತದೆ. 2016ರಲ್ಲಿ ಬಡ್ಜಿ ರೀಮಿಕ್ಸ್ ಆಗಿದ್ದದ್ದು 2017ರ ಏಪ್ರಿಲಿನಲ್ಲಿ ಉಬುಂಟು ಬಡ್ಜಿ ಆಯಿತು. 2019ರಲ್ಲಿ ಹುಟ್ಟಿದ ಉಬುಂಟು ಸಿನಮನ್ ರೀಮಿಕ್ಸ್, 2023ರ ಏಪ್ರಿಲಿನಲ್ಲಿ ಬಾಲ ಕಳಚಿಕೊಂಡು ಒಳಗೆ ಬಂತು. ಹೀಗೆ ಒಳಗೆ ಬರಲು ಉಬುಂಟುವಿನ ಟೆಕ್ನಿಕಲ್ ಬೋರ್ಡ್ ಒಪ್ಪಬೇಕು. ಬಳಸುವ ಪ್ಯಾಕೇಜುಗಳೆಲ್ಲ (ಹಾಕಿಕೊಳ್ಳಲು ಸಿದ್ಧವಾದ ಸಾಫ್ಟ್‌ವೇರ್ ಕಟ್ಟುಗಳು) ಉಬುಂಟುವಿನ ಸ್ವಂತ ಭಂಡಾರದಲ್ಲೇ ಇರಬೇಕು. ಇನ್‌ಸ್ಟಾಲ್ ಮಾಡುವ ಫೈಲ್ ಅವರ ಸರ್ವರುಗಳಲ್ಲೇ ತಯಾರಾಗಬೇಕು. ಪ್ರತಿ ಬಿಡುಗಡೆಗೆ ಮೊದಲು ಪರೀಕ್ಷಿಸುವ, ದೋಷ ಸರಿಪಡಿಸುವ ಜನ ಇರಬೇಕು. ನನ್ನ ಲೆಕ್ಕದಲ್ಲಿ ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಒಳ್ಳೆಯ ಡೆಸ್ಕ್‌ಟಾಪ್ ಮಾಡುವುದು ಒಬ್ಬರಿಂದಲೂ ಆಗುತ್ತದೆ. ಆರು ತಿಂಗಳಿಗೊಮ್ಮೆ, ವರ್ಷಗಟ್ಟಲೆ ಅದನ್ನು ಸರಿಯಾಗಿ ಇಡಲು ಜನ ಬೇಕು.

ಅಧಿಕೃತ ಅಂದ ಮಾತ್ರಕ್ಕೆ ಕಂಪನಿಯೇ ಬೆನ್ನಿಗಿದೆ ಅಂತ ತಿಳಿಯಬೇಡಿ. 2012ರಲ್ಲಿ ಕ್ಯಾನೊನಿಕಲ್ ಕುಬುಂಟುಗೆ ದುಡ್ಡು ಕೊಡುವುದನ್ನು ನಿಲ್ಲಿಸಿತು. ಬ್ಲೂ ಸಿಸ್ಟಮ್ಸ್ ಅನ್ನುವ ಇನ್ನೊಂದು ಕಂಪನಿ ಕೈಹಿಡಿಯಿತು. ಅಷ್ಟಾದರೂ ಕುಬುಂಟು ಅಧಿಕೃತವಾಗಿಯೇ ಉಳಿಯಿತು. ಬೆಂಬಲದ ಅವಧಿಯೂ ಬೇರೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ 5 ವರ್ಷ ಅಪ್‌ಡೇಟ್ ಇದ್ದರೆ, ಫ್ಲೇವರುಗಳಿಗೆ ಸಾಮಾನ್ಯವಾಗಿ 3 ವರ್ಷ. ಶಾಲೆಗೆ ಹಾಕಿಸುವಾಗ ಈ ಎರಡು ವರ್ಷದ ವ್ಯತ್ಯಾಸ ಯಾರೂ ಹೇಳುವುದಿಲ್ಲ.

ಉಬುಂಟು ಯೂನಿಟಿಯ ಕಥೆ ಇನ್ನೂ ಹತ್ತಿರದ್ದು. ಕ್ಯಾನೊನಿಕಲ್ ಕೈಬಿಟ್ಟಿದ್ದ ಯೂನಿಟಿ ಡೆಸ್ಕ್‌ಟಾಪನ್ನು 2020ರಲ್ಲಿ ಭಾರತದ ಒಬ್ಬ ಬಾಲಕ ರೀಮಿಕ್ಸ್ ಆಗಿ ಮತ್ತೆ ಎತ್ತಿ ನಿಲ್ಲಿಸಿದ. 2022ರ ಅಕ್ಟೋಬರಿನಲ್ಲಿ ಅದು ಅಧಿಕೃತ ಫ್ಲೇವರ್ ಆಯಿತು. ಹೆಮ್ಮೆಪಡುವಂಥ ಕೆಲಸ. ಆದರೆ 2025ರ ಅಕ್ಟೋಬರಿನ 25.10 ಆವೃತ್ತಿ ಹೊರಬರಲಿಲ್ಲ. ಕೆಲಸ ಮಾಡುವ ಕೈಗಳು ಸಾಲದೆ, ಸಹಾಯಕ್ಕೆ ಬನ್ನಿ ಎಂದು ತಂಡ ಕೇಳಿಕೊಳ್ಳಬೇಕಾಯಿತು. ಓದುವ ವಯಸ್ಸಿನ ಹುಡುಗನ ಮೇಲೆ ಇಡೀ ಫ್ಲೇವರಿನ ಭಾರ ಬಿದ್ದದ್ದು ಅವನ ತಪ್ಪಲ್ಲ. ಅಧಿಕೃತ ಅನ್ನುವ ಮುದ್ರೆ ಬಿದ್ದ ಮೇಲೂ ಹಿಂದೆ ಎಷ್ಟು ಜನ ಇದ್ದಾರೆ ಅಂತ ನೋಡಲೇಬೇಕು.

ಅಧಿಕೃತ ಅಲ್ಲದ್ದು ಕೆಟ್ಟದ್ದೂ ಅಲ್ಲ. 2006ರಿಂದ ಇರುವ ಲಿನಕ್ಸ್ ಮಿಂಟ್ ಉಬುಂಟುವಿನ ಕೋಡನ್ನೇ ತಳಹದಿ ಮಾಡಿಕೊಂಡಿದೆ. ಹೆಸರು, ಲೋಗೋ ಮಾತ್ರ ತನ್ನದೇ. ವಿಂಡೋಸಿನಿಂದ ಬಂದವರಿಗೆ ನಾನು ಮೊದಲು ಹೇಳುವುದು ಅದನ್ನೇ. ಯಾರ ಒಪ್ಪಿಗೆಗೂ ಕಾಯಬೇಕಾಗಿಲ್ಲ, ಯಾರೂ ಹೆಸರು ಕಿತ್ತುಕೊಳ್ಳಲಾರರು.

ಇನ್ನು ತಿದ್ದಿದ ಉಬುಂಟುವನ್ನು ಅದೇ ಹೆಸರಿನಲ್ಲಿ ಹಂಚಬೇಕಾದರೆ ಕ್ಯಾನೊನಿಕಲ್‌ನ ನಿಯಮ ಬಿಗಿಯಾಗಿದೆ. ಒಪ್ಪಿಗೆ ಬೇಕು. ಇಲ್ಲದಿದ್ದರೆ ಅವರ ಗುರುತುಗಳನ್ನೆಲ್ಲ ತೆಗೆದು, ಮೂಲ ಕೋಡಿನಿಂದ ಪ್ಯಾಕೇಜುಗಳನ್ನು ನೀವೇ ಮತ್ತೆ ತಯಾರಿಸಬೇಕು ಅನ್ನುತ್ತದೆ ಆ ನಿಯಮ. ಇದು ಜಿಪಿಎಲ್ ಕೊಟ್ಟ ಸ್ವಾತಂತ್ರ್ಯವನ್ನೇ ಹಿಂದಿನ ಬಾಗಿಲಿನಿಂದ ಕಿತ್ತುಕೊಳ್ಳುವುದಲ್ವಾ ಎಂದು ಜಿಪಿಎಲ್ ಬರೆದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆಕ್ಷೇಪ ಎತ್ತಿತು. ಮಾತುಕತೆ ನಡೆದು, 2015ರ ಜುಲೈನಲ್ಲಿ ಒಂದು ಸಾಲು ಸೇರಿತು. ಒಂದೊಂದು ಪ್ಯಾಕೇಜಿನ ಲೈಸೆನ್ಸ್ ಏನು ಹಕ್ಕು ಕೊಟ್ಟಿದೆಯೋ ಅದೇ ಮೇಲು, ನಮ್ಮ ನಿಯಮ ಅದನ್ನು ಕಡಿಮೆ ಮಾಡುವುದಿಲ್ಲ ಅನ್ನುವುದು ಅದರ ಸಾರ. ಒಳ್ಳೆಯ ತಿದ್ದುಪಡಿ. ಆದರೂ ಪೆನ್‌ಡ್ರೈವಿನಲ್ಲಿ ಹಂಚಲು ಹೊರಟ ಸಾಮಾನ್ಯ ಹುಡುಗನಿಗೆ ಆ ದಾಖಲೆ ಓದಿದರೆ ಭಯವೇ ಆಗುತ್ತದೆ. ಫೆಡೋರಾ ಅನ್ನುವ ಇನ್ನೊಂದು ಲಿನಕ್ಸ್ ಈ ವಿಷಯದಲ್ಲಿ ಸುಲಭ. ತಿದ್ದಿದವರಿಗೆ ಅಂತಲೇ ಫೆಡೋರಾ ರೀಮಿಕ್ಸ್ ಅನ್ನುವ ಬೇರೆ ಗುರುತು ಇಟ್ಟಿದೆ. ಲೋಗೋಗಳೆಲ್ಲ ಒಂದೇ ಪ್ಯಾಕೇಜಿನಲ್ಲಿವೆ, ಅದನ್ನು ತೆಗೆದು ಸಾದಾ ಲೋಗೋ ಪ್ಯಾಕೇಜ್ ಹಾಕಿದರೆ ಮುಗಿಯಿತು.

ಹೆಸರನ್ನು ಬಿಗಿಯಾಗಿ ಕಾಯುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. 2025ರ ಫೆಬ್ರವರಿಯಲ್ಲಿ ಒಬಿಎಸ್ ಸ್ಟುಡಿಯೋ ತಂಡ ಫೆಡೋರಾಕ್ಕೆ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟಿತು. ವಿಡಿಯೋ ರೆಕಾರ್ಡಿಂಗಿಗೂ ನೇರಪ್ರಸಾರಕ್ಕೂ ಬಳಸುವ ಈ ಸಾಫ್ಟ್‌ವೇರನ್ನು ಫೆಡೋರಾ ತಾನೇ ಪ್ಯಾಕ್ ಮಾಡಿ ಹಂಚುತ್ತಿತ್ತು. ಅದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಜನ ಬಂದು ದೂರು ಹೇಳುತ್ತಿದ್ದದ್ದು ಒಬಿಎಸ್ ತಂಡಕ್ಕೆ. ತಾವು ಮಾಡದ ತಪ್ಪಿಗೆ ಅವರು ದಿನಾ ಉತ್ತರ ಕೊಡಬೇಕು. ತಿದ್ದಿ, ಬೇಡ ಅನ್ನುವುದಿಲ್ಲ, ನಮ್ಮ ಹೆಸರು ತೆಗೆಯಿರಿ ಅಂತ ಅವರು ಕೇಳಿದ್ದು ನ್ಯಾಯವೇ. ಆಮೇಲೆ ಎರಡೂ ಕಡೆಯವರು ಮಾತಾಡಿ ಬಗೆಹರಿಸಿಕೊಂಡರು. ಸಂಬಳವಿಲ್ಲದೆ ಕೆಲಸ ಮಾಡುವವರ ಸಮಯ ಉಳಿಸಲೂ ಟ್ರೇಡ್‌ಮಾರ್ಕ್ ಬೇಕಾಗುತ್ತದೆ.

ಇಂಥದೇ ಜಗಳ ಫೈರ್‌ಫಾಕ್ಸ್ ಬ್ರೌಸರ್ ಮತ್ತು ಡೆಬಿಯನ್ ಅನ್ನುವ ಲಿನಕ್ಸ್ ನಡುವೆ ಹತ್ತು ವರ್ಷ ಎಳೆಯಿತು. ಫೈರ್‌ಫಾಕ್ಸ್ ಹೆಸರು ಬಳಸುವುದಾದರೆ ನೀವು ಮಾಡುವ ತಿದ್ದುಪಡಿಗಳಿಗೆ ನಮ್ಮ ಒಪ್ಪಿಗೆ ಬೇಕು ಎಂದಿತು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ. ಲೋಗೋ ಮುಕ್ತ ಲೈಸೆನ್ಸಿನಲ್ಲಿ ಇಲ್ಲ, ಹಾಗಾಗಿ ನಮ್ಮಲ್ಲಿ ಇಡಲಾರೆವು ಎಂದಿತು ಡೆಬಿಯನ್. 2006ರಲ್ಲಿ ಡೆಬಿಯನ್ ಅದೇ ಬ್ರೌಸರಿಗೆ ಐಸ್‌ವೀಸಲ್ ಎಂದು ಹೆಸರಿಟ್ಟಿತು. ಬಳಸುವವರಿಗೆ ಬರೀ ಗೊಂದಲ. 2016ರಲ್ಲಿ ಎರಡೂ ಕಡೆ ಒಪ್ಪಂದವಾಗಿ ಫೈರ್‌ಫಾಕ್ಸ್ ಹೆಸರು ಮರಳಿ ಬಂತು.

ಇಲ್ಲಿಯವರೆಗೆ ಹೇಳಿದ್ದು ಮೂಲ ತಂಡ ತನ್ನ ಹೆಸರು ಕಾಯುವ ಮಾತು. ನನಗೆ ಹೆಚ್ಚು ಕಳವಳ ತರುವುದು ಇನ್ನೊಂದು ಬಗೆಯದು. ಸಮುದಾಯವೇ ಬೆಳೆಸಿದ ಹೆಸರು ಕಂಪನಿಯೊಂದರ ಕೈಯಲ್ಲಿ ಸಿಕ್ಕಿಕೊಳ್ಳುವುದು.

2010ರಲ್ಲಿ ಒರಾಕಲ್ ಕಂಪನಿ ಸನ್ ಕಂಪನಿಯನ್ನು ಕೊಂಡಿತು. ಜೊತೆಗೆ ಪತ್ರ, ಲೆಕ್ಕದ ಹಾಳೆ ಮಾಡುವ ಓಪನ್ ಆಫೀಸ್ ಸಾಫ್ಟ್‌ವೇರಿನ ಹೆಸರೂ ಹೋಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಸಮುದಾಯದವರು ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿ, ಹೆಸರನ್ನು ನಮಗೆ ದಾನ ಮಾಡಿ ಎಂದು ಒರಾಕಲ್‌ಗೆ ಕೇಳಿದರು. ಅಲ್ಲಿಯವರೆಗೆ ಇರಲಿ ಅಂತ ಇಟ್ಟ ಹೆಸರು ಲಿಬ್ರೆಆಫೀಸ್. ದಾನ ಬರಲಿಲ್ಲ, ತಾತ್ಕಾಲಿಕ ಹೆಸರೇ ಗಟ್ಟಿಯಾಯಿತು. 2011ರಲ್ಲಿ ಒರಾಕಲ್ ಓಪನ್ ಆಫೀಸನ್ನು ಅಪಾಚೆ ಫೌಂಡೇಶನ್‌ಗೆ ಕೊಟ್ಟಿತು. ಅಲ್ಲಿ 2014ರ 4.1 ಆದ ಮೇಲೆ ಬಂದವು ಸಣ್ಣ ಪುಟ್ಟ ತಿದ್ದುಪಡಿಗಳಷ್ಟೇ. ಕೆಲಸವೆಲ್ಲ ಲಿಬ್ರೆಆಫೀಸಿನಲ್ಲಿ ನಡೆಯುತ್ತಿದೆ, ಕನ್ನಡದಲ್ಲೂ ಸಿಗುತ್ತದೆ. ಆದರೂ ಹಳೆಯ ಹೆಸರಿನ ನೆನಪಿನಲ್ಲಿ ಜನ ಇವತ್ತಿಗೂ ಓಪನ್ ಆಫೀಸ್ ಹುಡುಕಿ ಇಳಿಸಿಕೊಳ್ಳುತ್ತಾರೆ. ನಮ್ಮ ಕಡೆ ಆಫೀಸುಗಳಲ್ಲೂ ನೋಡಿದ್ದೇನೆ. ಹೆಸರಿನ ಬಲ ಎಷ್ಟು ಅಂತ ಇದರಿಂದಲೇ ಗೊತ್ತಾಗುತ್ತದೆ.

ಮೊಬೈಲಿನಲ್ಲಿ ಕೈಯಾಡಿಸುವ ಹುಡುಗರಿಗೆ ಸಯನೊಜೆನ್‌ಮಾಡ್ ನೆನಪಿರಬಹುದು. ಆಂಡ್ರಾಯ್ಡ್‌ನ ಈ ಸಮುದಾಯ ರೂಪದ ಹೆಸರು ಒಂದು ಕಂಪನಿಯದ್ದಾಗಿತ್ತು. 2016ರ ಡಿಸೆಂಬರಿನಲ್ಲಿ ಕಂಪನಿ ಎಲ್ಲ ಸೇವೆ ನಿಲ್ಲಿಸುತ್ತೇವೆ ಎಂದಿತು. ಕೋಡ್ ಇತ್ತು, ಜನ ಇದ್ದರು, ಹೆಸರು ಮಾತ್ರ ಬಳಸುವಂತಿರಲಿಲ್ಲ. ಕೆಲವೇ ದಿನದಲ್ಲಿ ಅವರೇ ಲೀನಿಯೇಜ್ ಓಎಸ್ ಶುರು ಮಾಡಿದರು. ಈಗ ಲೀನಿಯೇಜ್‌ನಲ್ಲೂ ಅಧಿಕೃತ, ಅನಧಿಕೃತ ಅಂತ ಎರಡು ಬಗೆ ಇದೆ. ಅಧಿಕೃತ ಅಂದರೆ ಆ ಫೋನಿನ ಹೊಣೆ ಹೊತ್ತವರು ಇದ್ದಾರೆ, ಫೈಲಿಗೆ ಯೋಜನೆಯ ಗುಪ್ತ ಕೀಲಿಯಿಂದ ಡಿಜಿಟಲ್ ಸಹಿ ಬಿದ್ದಿದೆ. ಬ್ಯಾಂಕಿನ ಆ್ಯಪ್ ಇಟ್ಟುಕೊಂಡಿರುವ ಫೋನಿಗೆ ಯಾರೋ ಟೆಲಿಗ್ರಾಮಿನಲ್ಲಿ ಕಳಿಸಿದ ಫೈಲ್ ಸುಮ್ನೆ ಹಾಕುವ ಮುಂಚೆ ಈ ಸಹಿಯನ್ನು ದಯವಿಟ್ಟು ನೋಡಿ.

ಎಲ್ಲಕ್ಕಿಂತ ಕಠಿಣ ಪಾಠ ಕಲಿತವರು ಸೆಂಟ್‌ಓಎಸ್‌ನವರು. ರೆಡ್ ಹ್ಯಾಟ್ ಕಂಪನಿಯ ಕೋಡಿನಿಂದ ಅದರ ಗುರುತುಗಳನ್ನೆಲ್ಲ ತೆಗೆದು ತಯಾರಿಸಿದ ಸರ್ವರ್ ಲಿನಕ್ಸ್ ಅದು, 2004ರಲ್ಲಿ ಶುರುವಾದದ್ದು. ರೆಡ್ ಹ್ಯಾಟ್ ಅನ್ನುವ ಹೆಸರು ಎತ್ತಲೂ ಹಿಂಜರಿದು, ಉತ್ತರ ಅಮೆರಿಕದ ಒಂದು ಪ್ರಮುಖ ಲಿನಕ್ಸ್ ಕಂಪನಿ ಅಂತ ಬರೆದುಕೊಳ್ಳುತ್ತಿದ್ದ ಕಾಲವೂ ಇತ್ತು. 2014ರಲ್ಲಿ ರೆಡ್ ಹ್ಯಾಟ್ ಯೋಜನೆಯನ್ನೇ ತನ್ನ ತೆಕ್ಕೆಗೆ ತಗೊಂಡಿತು, ಹೆಸರೂ ಅದರದ್ದಾಯಿತು. ಅಧಿಕೃತವಾಯಿತು ಅಂತ ಬಹಳ ಜನ ಸಂತೋಷಪಟ್ಟರು. 2029ರವರೆಗೆ ಬೆಂಬಲ ಇರುತ್ತದೆ ಎಂದು ನಂಬಿ ಸೆಂಟ್‌ಓಎಸ್ 8 ಹಾಕಿಕೊಂಡಿದ್ದವರಿಗೆ 2020ರ ಡಿಸೆಂಬರಿನಲ್ಲಿ ಸುದ್ದಿ ಬಂತು, 2021ರ ಕೊನೆಗೇ ಮುಗಿಯುತ್ತದೆ ಎಂದು. ರಾಕಿ ಲಿನಕ್ಸ್, ಆಲ್ಮಾಲಿನಕ್ಸ್ ಹುಟ್ಟಿದ್ದು ಆಗ. ರಾಕಿ ಶುರು ಮಾಡಿದ ಗ್ರೆಗರಿ ಕರ್ಟ್ಜರ್ ಸೆಂಟ್‌ಓಎಸ್‌ನ ಆರಂಭದಲ್ಲೂ ಇದ್ದವರು. ಎರಡೂ ಯೋಜನೆಗಳು ಈ ಸಲ ಹೆಸರನ್ನು ಪ್ರತ್ಯೇಕ ಫೌಂಡೇಶನ್ ಕೈಯಲ್ಲಿ ಇಟ್ಟವು.

ಫೋರ್ಜೆಯೋ ಅನ್ನುವ ಕವಲು ಒಡೆದದ್ದೂ ಇದೇ ಕಾರಣಕ್ಕೆ. 2022ರಲ್ಲಿ, ಕೋಡ್ ಇಡುವ ಜಾಲತಾಣ ನಡೆಸಲು ಬಳಸುವ ಗಿಟಿಯಾ ಯೋಜನೆಯ ಹೆಸರು, ಡೊಮೈನ್ (ವೆಬ್ ವಿಳಾಸ) ಎರಡೂ ಲಾಭದ ಕಂಪನಿಯೊಂದಕ್ಕೆ ಹೋದವು ಎಂದು ತಿಳಿದಾಗ ಕೆಲವರು ಹೊರಬಂದರು. ಹೊಸ ಹೆಸರನ್ನು ಜರ್ಮನಿಯ ಕೋಡ್‌ಬರ್ಗ್ ಸಂಘಕ್ಕೆ ಒಪ್ಪಿಸಿದರು. 2024ರಲ್ಲಿ, ವೆಬ್‌ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್ ಹೆಸರಿನ ಮೇಲೆ ಎದ್ದ ಜಗಳವಂತೂ ಕೋರ್ಟ್ ಹತ್ತಿತು. ಫೌಂಡೇಶನ್ ಇದ್ದರೂ ಅದರ ಚಾವಿ ಒಬ್ಬರ ಕೈಯಲ್ಲೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ.

ನಮ್ಮ ಸುತ್ತಮುತ್ತ ನೋಡೋಣ. ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ಕಡೆ ಹೋದರೆ, ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕೈಟ್ ಗ್ನೂ ಲಿನಕ್ಸ್ ಇದೆ. ಕೇರಳ ಸರ್ಕಾರದ ಕೈಟ್ ಸಂಸ್ಥೆ ಶಾಲೆಗಳಿಗಾಗಿಯೇ ಉಬುಂಟು ಆಧಾರದ ಮೇಲೆ ಮಾಡಿದ ರೂಪ ಅದು. ಹೆಸರಿನಲ್ಲಿ ಉಬುಂಟು ಇಲ್ಲ, ಸಂಸ್ಥೆಯ ಸ್ವಂತ ಹೆಸರಿದೆ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ 2007ರಲ್ಲಿ ತಂದ ಬಾಸ್ ಲಿನಕ್ಸ್ ಕೂಡ ಹಾಗೆಯೇ, ಒಳಗೆ ಡೆಬಿಯನ್, ಹೊರಗೆ ತನ್ನದೇ ಹೆಸರು. ಇಬ್ಬರೂ ಜಾಣರು. ಮೇಲಿನ ಕಂಪನಿ ನಿಯಮ ಬದಲಿಸಿದರೂ ಮಕ್ಕಳ ಪಠ್ಯಪುಸ್ತಕದಲ್ಲಿರುವ ಹೆಸರು ಬದಲಾಗಬೇಕಿಲ್ಲ. ನಾಳೆ ತಳಹದಿಯನ್ನೇ ಬದಲಿಸಿದರೂ ಮೇಷ್ಟ್ರಿಗೆ ವ್ಯತ್ಯಾಸವಿಲ್ಲ.

ಈಗ ಗೋಣಿಕೊಪ್ಪದ ನಾಲ್ಕು ಜನ ಸೇರಿ ಕೊಡಗಿನ ಶಾಲೆಗಳಿಗೆ ಒಂದು ಲಿನಕ್ಸ್ ಮಾಡಲು ಹೊರಟರು ಅಂತಿಟ್ಟುಕೊಳ್ಳಿ. ಕನ್ನಡ ಟೈಪಿಂಗ್ ಮೊದಲೇ ಸಿದ್ಧ, ಜುಲೈ ಮಳೆಯಲ್ಲಿ ನೆಟ್ ಹೋದರೂ ಓದಲು ಪಾಠಗಳು ಒಳಗೇ ಇವೆ, ಕೊಡವ ತಕ್ಕಿನ (ಕೊಡವ ಭಾಷೆಯ) ಪದಪಟ್ಟಿಯೂ ಉಂಟು. ಒಳ್ಳೆಯ ಆಸೆ. ನಾನು ಮೊದಲು ಕೇಳುವುದು, ಹೊಸ ಆವೃತ್ತಿ ಬೇಕೇ ಬೇಕಾ? ಇರುವ ಲುಬುಂಟು ಅಥವಾ ಮಿಂಟ್ ಹಾಕಿ, ಮೇಲಿಂದ ಬೇಕಾದ ಪ್ಯಾಕೇಜುಗಳನ್ನು ಒಂದು ಸ್ಕ್ರಿಪ್ಟಿನಿಂದ ತುಂಬಿದರೆ ಹೆಸರಿನ ತಕರಾರೇ ಏಳುವುದಿಲ್ಲ. ಭದ್ರತಾ ಅಪ್‌ಡೇಟ್ ಮೂಲದವರಿಂದಲೇ ಬರುತ್ತದೆ. ಹೆಚ್ಚಿನ ಶಾಲೆಗಳಿಗೆ ಇಷ್ಟು ಸಾಕು.

ಇಲ್ಲ, ನಮ್ಮದೇ ಬೇಕು ಅಂದರೆ ಕೊಡಗು ಉಬುಂಟು ಅಂತ ಇಡುವಂತಿಲ್ಲ. ಸ್ವಂತ ಹೆಸರಿಟ್ಟು, ಕೆಳಗೆ ಉಬುಂಟು ಆಧಾರಿತ ಅಂತ ಸಾದಾ ಅಕ್ಷರದಲ್ಲಿ ಇರುವ ಸತ್ಯ ಬರೆಯುವುದು ಬೇರೆ ಮಾತು. ಲೋಗೋ ಬೇಡ, ಉಬುಂಟುವಿನವರೇ ಮಾಡಿದ್ದು ಅನ್ನುವ ಭಾವನೆಯೂ ಬರಬಾರದು. ಡೆಬಿಯನ್ ಮೇಲೆ ಕಟ್ಟಿದರೆ ಇನ್ನೂ ನಿರಾಳ. ಅದರ ಹೆಸರು ಸಾಫ್ಟ್‌ವೇರ್ ಇನ್ ದಿ ಪಬ್ಲಿಕ್ ಇಂಟರೆಸ್ಟ್ ಅನ್ನುವ ಲಾಭರಹಿತ ಸಂಸ್ಥೆಯ ಬಳಿ ಇದೆ, ಡೆಬಿಯನ್ ಆಧಾರಿತ ಎಂದು ಹೇಳಿಕೊಳ್ಳುವುದಕ್ಕೆ ಅವರ ತಕರಾರಿಲ್ಲ. ಕೊಡಗು ಲಿನಕ್ಸ್ ಎಂದು ಟ್ರೇಡ್‌ಮಾರ್ಕ್ ಮಾಡಿಸುವುದಾದರೆ ಲಿನಕ್ಸ್ ಪದಕ್ಕೆ ಲಿನಕ್ಸ್ ಫೌಂಡೇಶನ್ ಕೊಡುವ ಉಚಿತ ಅನುಮತಿ ಪಡೆಯಬೇಕು. ಕೊಡಗು ಊರಿನ ಹೆಸರು, ಅದನ್ನು ಒಬ್ಬರೇ ತಮ್ಮದು ಅನ್ನಲು ಕಾನೂನು ಸುಲಭಕ್ಕೆ ಬಿಡುವುದಿಲ್ಲ. ಬಿಡಲೂಬಾರದು. ಬ್ರಹ್ಮಗಿರಿ, ತಡಿಯಂಡಮೋಳ್ ಅಂತ ಬೆಟ್ಟದ ಹೆಸರಿಟ್ಟರೂ ಈ ಮಾತು ಬಂದೀತು. ಹೊಸದಾಗಿ ಕಟ್ಟಿದ ಪದವೇ ಕಾನೂನಿನ ಕಣ್ಣಿಗೆ ಗಟ್ಟಿ.

ಫಾಂಟ್ ತಿದ್ದುವವರಿಗೂ ಒಂದು ಎಚ್ಚರಿಕೆ ಇದೆ. ಬಹಳಷ್ಟು ಕನ್ನಡ ಫಾಂಟುಗಳು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸಿನಲ್ಲಿವೆ. ಮೂಲದವರು ಹೆಸರು ಕಾದಿರಿಸಿದ್ದರೆ, ಒಂದು ಒತ್ತಕ್ಷರ ಸರಿಪಡಿಸಿದರೂ ಹೊಸ ಹೆಸರಿನಲ್ಲೇ ಹಂಚಬೇಕು. ಇದು ಸರಿ. ಒಂದೇ ಹೆಸರಿನ ಎರಡು ಫಾಂಟ್ ಇದ್ದು ಪತ್ರದ ಸಾಲುಗಳು ಅಡ್ಡಾದಿಡ್ಡಿಯಾದಾಗ ಕಷ್ಟ ಯಾರಿಗೆ ಅಂತ ಟೈಪ್ ಮಾಡುವವರನ್ನು ಕೇಳಿ.

ಹೆಸರು ಯಾರ ಬಳಿ ಇರಬೇಕು ಅನ್ನುವುದನ್ನು ಆ ನಾಲ್ಕು ಜನ ಮೊದಲ ದಿನವೇ ತೀರ್ಮಾನಿಸಲಿ. ಈಗ ಒಬ್ಬರ ಇಮೇಲಿನಲ್ಲಿ ಡೊಮೈನ್, ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ ಸಹಿಯ ಕೀಲಿ ಇರುತ್ತದೆ. ಅವರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೋದ ಮೇಲೆ ಅಪ್‌ಡೇಟ್ ಕಳಿಸಲು ಯಾರಿಂದಲೂ ಆಗುವುದಿಲ್ಲ. ಪ್ರಾಯೋಜಕ ಕಂಪನಿ ಸಿಕ್ಕಿತು ಅಂತ ಹೆಸರು ಬರೆದುಕೊಟ್ಟರೆ ಸೆಂಟ್‌ಓಎಸ್ ದಾರಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಏಳು ಜನ ಸೇರಿದರೆ ಒಂದು ಸಂಘ ಆಗುತ್ತದೆ. ಇನ್ನು ಮೂವರನ್ನು ಹುಡುಕಬೇಕು, ಅದರಲ್ಲಿ ಒಬ್ಬರಾದರೂ ಶಾಲೆಯಲ್ಲಿ ಪಾಠ ಮಾಡುವವರಿರಲಿ. ಡೊಮೈನ್, ಟ್ರೇಡ್‌ಮಾರ್ಕ್ ಅರ್ಜಿ, ಬ್ಯಾಂಕ್ ಖಾತೆ ಸಂಘದ ಹೆಸರಿಗೆ ಆಗಲಿ, ಸಹಿಯ ಕೀಲಿ ಕನಿಷ್ಠ ಇಬ್ಬರ ಬಳಿ ಇರಲಿ. ಹೆಸರನ್ನು ಮಾರಲು ಅಥವಾ ಬೇರೆಯವರಿಗೆ ಕೊಡಲು ಸರ್ವಸದಸ್ಯರ ಸಭೆಯ ಒಪ್ಪಿಗೆ ಬೇಕು ಎಂದು ಬೈಲಾದಲ್ಲೇ ಬರೆದಿಡಿ. ಮೊದಲ ಫೈಲ್ ಹಂಚುವ ಮೊದಲೇ ಇಷ್ಟು ಆಗಬೇಕು. ಹೆಸರು ಜನರ ಬಾಯಿಗೆ ಬಿದ್ದ ಮೇಲೆ ಅದನ್ನು ಸಂಘಕ್ಕೆ ಬಿಟ್ಟುಕೊಡಲು ಒಪ್ಪುವವರು ಕಡಿಮೆ.